ಉಗುರಿನ ತುದಿಯ ಮಸಿ

ಈ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದ ಸದಸ್ಯರು ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬೇರೆ ಪಕ್ಷ ಸೇರಿದ್ದರಿಂದ ಉಪಚುನಾವಣೆ ಬಂದಿತ್ತು. ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನದು.

ವಯಸ್ಸಾದ ಹೆಂಗಸೊಬ್ಬರು ಬಂದು ಬಲಗೈ ಚಾಚಿದರು.

"ಎಡಗೈ ಕೊಡ್ರಿ" ಎಂದೆ.

ಅದು ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ಮತ್ತೆ ಕೇಳಿದಾಗ ಅಂಜುತ್ತ ತೋರಿಸಿದರು. ತೋರುಬೆರಳಿನ ಉಗುರಿನ ತುದಿಯಲ್ಲಿ ಹಳೆಯ ಶಾಯಿ ಕಪ್ಪು ಗೆರೆಯಾಗಿ ಉಳಿದಿತ್ತು.

ಬೆಂಚಿನ ಮೇಲಿದ್ದ ಏಜೆಂಟ್ ನಕ್ಕ. ಆ ಸದಸ್ಯರು ಹೊಸದಾಗಿ ಸೇರಿದ ಪಕ್ಷದವನೇ ಅವನು. "ಏನಬೇ ಹುಲಿಗೆಮ್ಮ, ಬೆಳಿಗ್ಗೇನ ಹಾಕಿ ಮತ್ತ ಬಂದೀಯೇನು?"

"ಹೋದ ಸಲದ್ದಪ್ಪ ಇದು. ನಿಮ್ಮ ಸಾಹೇಬ್ರು ಪಾರ್ಟಿ ಬಿಟ್ಟು ಬಂದ್ರು, ಈ ಮಸಿ ಇನ್ನಾ ಉಗುರು ಬಿಟ್ಟಿಲ್ಲ." ಆಮೇಲೆ ನನಗೆ ಮೆಲ್ಲಗೆ, "ವಾಪಸ್ ಕಳಸಬ್ಯಾಡ್ರಿ ಸರ್. ಭಾಳ ತಿಕ್ಕೀನಿ, ಹೋಗವಲ್ದು" ಎಂದರು.

ಕಳಿಸುವುದಿಲ್ಲ, ಈ ಸಲ ಮಧ್ಯದ ಬೆರಳಿಗೆ ಹಚ್ಚಬೇಕೆಂದು ಆದೇಶವೇ ಇದೆ ಎಂದೆ. ಹಚ್ಚುವಾಗ ಆ ಹಳೆಯ ಗೆರೆಯಿಂದ ಕಣ್ಣು ತೆಗೆಯಲಾಗಲಿಲ್ಲ. ದಿಲ್ಲಿಯಲ್ಲಿ ಒಂದು ಕುರ್ಚಿ ಖಾಲಿಯಾಗಿ ಪಕ್ಷಗಳ ಬಲಾಬಲ ಬದಲಾಗುವಷ್ಟರಲ್ಲಿ ಇವರ ಉಗುರು ಒಂದು ಸಲವೂ ಪೂರ್ತಿ ಬೆಳೆದಿರಲಿಲ್ಲ. ಆದರೂ ಇವರು ಮತ್ತೆ ಬಂದು ಸಾಲಿನಲ್ಲಿ ನಿಂತಿದ್ದರು, ಮತ ಹಾಕಲು ಬಿಡುತ್ತಾರೋ ಇಲ್ಲವೋ ಎಂದು ಹೆದರಿಕೊಂಡು.

ಮತ ಹಾಕಿ ಹೊರಡುವಾಗ ಎರಡೂ ಬೆರಳು ಜೋಡಿಸಿ ಏಜೆಂಟನಿಗೆ ತೋರಿಸಿದರು.

"ನಿಮ್ಮ ಸಾಹೇಬ್ರಿಗೆ ಹೇಳಪ್ಪ, ಇನ್ನಾ ಎಂಟು ಬೆರಳು ಅದಾವಂತ."

ನನ್ನ ಕೈಲಿದ್ದ ಆದೇಶ ಮಾತ್ರ, ಮುಂದಿನ ಸಲ ಯಾವ ಬೆರಳು ಎಂದು ಹೇಳದೆ, ಮಧ್ಯದ ಬೆರಳಿಗೇ ಮುಗಿದಿತ್ತು.