ಬಾಯಿಗೆ ಪೈಪು ಹಾಕಿದ ಮೂರ್ತಿ

ಉರಿಗಾಂನ ನಮ್ಮ ಮನೆಯ ಹಿತ್ತಲಲ್ಲಿ ನಾನು ತೋಟಗಳಿಗೆ ಬೇಕಾದ ಮಣ್ಣಿನ ಸಾಮಾನು ಮಾಡುತ್ತೇನೆ. ಹಕ್ಕಿಗಳು ನೀರು ಕುಡಿಯುವ ತಟ್ಟೆ, ಆಮೆ, ದೊಡ್ಡ ಹೂಕುಂಡ. ಮನುಷ್ಯರನ್ನು ಮಾಡಿದ್ದು ಒಂದೇ ಸಲ.

ಬಂಗಾರಪೇಟೆ ರಸ್ತೆಯಲ್ಲಿ ಹೊಸದಾಗಿ ರೆಸಾರ್ಟ್ ಕಟ್ಟಿದವರೊಬ್ಬರು ಬಂದು, ತೋಟದಲ್ಲಿಡಲು ಗಣಿ ಕಾರ್ಮಿಕನ ಮೂರ್ತಿ ಬೇಕೆಂದರು. ಮಾದರಿಯಾಗಿ ಕೂರುತ್ತೀರಾ ಎಂದು ನಾನು ಪಕ್ಕದ ಮನೆಯ ತಾತನನ್ನು ಕೇಳಿದೆ. ನಮ್ಮೂರಿನ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವರು. ಈಗ ನಾಲ್ಕು ಹೆಜ್ಜೆ ನಡೆದರೆ ಕೆಮ್ಮು.

"ನಗಬೇಕಾಮ್ಮಾ?" ಎಂದರು, ಮೊದಲ ದಿನ ಸ್ಟೂಲಿನ ಮೇಲೆ ಕೂತು.

"ಬೇಡ ತಾತ. ಶಿಫ್ಟ್ ಮುಗಿಸಿ ಮೇಲೆ ಬಂದಾಗ ಹೆಂಗೆ ಕೂತ್ಕೊತಿದ್ರೋ ಹಂಗೇ ಕೂತ್ಕೊಳಿ."

ಅವರು ಬೆನ್ನು ಬಾಗಿಸಿ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಒಳಗೆ ಟೊಳ್ಳು ಬಿಟ್ಟು, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಕಟ್ಟಿದೆ. ಮೂರು ವಾರ ನೆರಳಲ್ಲಿ ಒಣಗಿಸಿ, ಬಂಗಾರಪೇಟೆಯ ಕುಂಬಾರರ ಆವಿಗೆಯಲ್ಲಿ ಸುಟ್ಟೆ. ಒಂದು ಬಿರುಕೂ ಬರಲಿಲ್ಲ. ಕಣ್ಣ ಕೆಳಗಿನ ದಣಿವು ಹಾಗೇ ಬಂದಿತ್ತು. ಅಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಅದಕ್ಕೆ ಮೊದಲು ಆಗಿರಲಿಲ್ಲ.

ಮೂರ್ತಿ ಕೊಟ್ಟು ಎರಡು ತಿಂಗಳ ನಂತರ ಹೂಕುಂಡ ಕೊಡಲು ಅದೇ ರೆಸಾರ್ಟಿಗೆ ಹೋದೆ. ಮೂರ್ತಿ ಶೌಚಾಲಯದ ದಾರಿಯಲ್ಲಿತ್ತು. ಮೈತುಂಬ ಚಿನ್ನದ ಬಣ್ಣ ಬಳಿದಿದ್ದರು. ಬಾಯಿಗೆ ತೂತು ಕೊರೆದು ಪೈಪು ತೂರಿಸಿದ್ದರು. ಕೆಮ್ಮಿ ಕೆಮ್ಮಿ ಉಸಿರು ಸಾಲದ ಆ ಮನುಷ್ಯನ ಬಾಯಿಂದ ನೀರು ಚಿಮ್ಮುತ್ತಿತ್ತು. ಒಂದು ಸಂಸಾರ ಅದರಲ್ಲಿ ಕೈ ತೊಳೆಯುತ್ತಾ ನಗುತ್ತಿತ್ತು.

ಮ್ಯಾನೇಜರ್ ಓಡಿ ಬಂದ. "ಗೋಲ್ಡ್ ಮೈನ್ ಅಲ್ವಾ ಮೇಡಂ, ಅದಕ್ಕೇ ಗೋಲ್ಡ್ ಕಲರ್. ಎಲ್ರೂ ಇದರ ಜೊತೆನೇ ಫೋಟೋ ತೆಗೆಸ್ಕೊಳ್ಳೋದು."

"ಚಿನ್ನ ಇವರ ಮೈಮೇಲೆ ಯಾವತ್ತು ಇತ್ತು?" ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಕೊಂಡ್ಕೊಂಡ ಮೇಲೆ ನಮ್ಮಿಷ್ಟ ಅಲ್ವಾ?" ಎಂದ.

ನಾನು ನೀರಿನ ತೊಟ್ಟಿಗೆ ಇಳಿದು ಪೈಪು ಹಿಡಿದು ಎಳೆದೆ. ಅದರ ಜೊತೆಗೆ ಕೆಳದವಡೆಯೂ ಒಡೆದು ಕೈಗೆ ಬಂತು. ಹೊಸ ಹೂಕುಂಡಗಳನ್ನೆಲ್ಲ ಅಲ್ಲೇ ಬಿಟ್ಟು, ಅವನ್ನು ತಂದಿದ್ದ ಆಟೋದವರ ನೆರವಿನಿಂದ ಮೂರ್ತಿಯನ್ನು ಹೊತ್ತು ತಂದೆ. ಯಾರೂ ತಡೆಯಲಿಲ್ಲ. ನನ್ನ ಮುಖ ಹಾಗಿತ್ತೇನೋ.

ತಾತನಿಗೆ ಕಾಣದಂತೆ ಮುಚ್ಚಿಡಬೇಕೆಂದಿದ್ದೆ. ಆಟೋ ನಿಲ್ಲುವಾಗ ಅವರು ಬಾಗಿಲಲ್ಲೇ ಇದ್ದರು. ಹತ್ತಿರ ಬಂದು ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ, ಮ್ಯಾನೇಜರನ್ನು ಬೈದೆ, ಮಾಲೀಕರನ್ನು ಬೈದೆ. ತಾತ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಯಾರಿಗೆ ಕೊಡ್ತೀಯ ಅಂತ ನಂಗೆ ಒಂದ್ ಮಾತು ಏಳಿದ್ಯಾ ನೀನು? ಯಾವ್ದೋ ತೋಟಕ್ಕೆ ಅಂದೆ. ನಾನು ಸ್ಕೂಲ್ ತೋಟ ಅನ್ಕೊಂಡೆ. ಮೊಮ್ಮಗಳಿಗೂ ಅಂಗೇ ಏಳ್ದೆ."

ಕೆಮ್ಮು ಬಂತು. ನಾನು ತಂದ ನೀರನ್ನು ಮುಟ್ಟದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಕೇಳಿದ್ದು ಸರಿ. ರೆಸಾರ್ಟು ಅಂದರೆ ಕೂರುವುದಿಲ್ಲವೇನೋ ಎಂಬ ಅಳುಕಿನಿಂದಲೇ ನಾನು ಹೇಳಿರಲಿಲ್ಲ. ನನ್ನ ತಪ್ಪು ಗೊತ್ತಾದ ಮೇಲೂ ರೆಸಾರ್ಟಿನವರ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ, ಈಗ ನನ್ನ ಮೇಲೂ ಅಷ್ಟೇ ಇದೆ.

ತಂತಿಯ ಬ್ರಷ್ಷಿನಿಂದ ಬಣ್ಣ ಉಜ್ಜಿದೆ. ಸುಕ್ಕುಗಳ ಸಂದಿಯಲ್ಲಿ ಇನ್ನೂ ಉಳಿದಿದೆ. ಸುಟ್ಟ ಮಣ್ಣನ್ನು ಹಸಿಮಣ್ಣಿನಿಂದ ಸೇರಿಸಲಾಗುವುದಿಲ್ಲ, ಆ ದವಡೆ ಒಡೆದಂತೆಯೇ ಇದೆ. ತಾತ ಈಗ ಮಾತಾಡುತ್ತಾರೆ, ಬೇಲಿಯ ಆಚೆಯಿಂದ. ನಮ್ಮ ಹಿತ್ತಲಿಗೆ ಮಾತ್ರ ಕಾಲಿಟ್ಟಿಲ್ಲ.