ಟೀಚರ ಮಂಡಿಚಿಪ್ಪು

ಮಕ್ಕಳೇ, ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಯಕ್ಷಗಾನ ಕಲಿಸುವ ಟೀಚರೊಬ್ಬರಿದ್ದರು. ಮಂಡಿಯೂರಿ ಗಿರಗಿರನೆ ತಿರುಗುವುದಕ್ಕೆ ಮಂಡಿ ಹಾಕುವುದು ಎನ್ನುತ್ತಾರೆ. ಅದೆಂದರೆ ಅವರಿಗೆ ಪ್ರಾಣ. ಆದರೆ ಅವರ ಬಲಮಂಡಿಯ ಚಿಪ್ಪು ಆಗಾಗ ಪಕ್ಕಕ್ಕೆ ಜಾರುತ್ತಿತ್ತು. ಹಲ್ಲು ಕಚ್ಚಿ, ಅಂಗೈಯಿಂದ ಅದನ್ನು ಒಳಗೆ ತಳ್ಳಿ, "ತಾಳ ಬಿಡ್ಬೇಡಿ" ಎಂದು ಪಾಠ ಮುಂದುವರಿಸುತ್ತಿದ್ದರು.

ಒಮ್ಮೆ ಸಾಗರದಲ್ಲಿ ಡಾಕ್ಟರನ್ನು ಕಂಡು ಬಂದು ನಮ್ಮ ಜಗಲಿಯಲ್ಲಿ ಕೂತರು.

"ಆಪರೇಷನ್ ಮಾಡಿದ್ರೆ ಚಿಪ್ಪು ಜಾರೋದು ನಿಲ್ಬಹುದಂತೆ ಅಕ್ಕಾ. ಮತ್ತೆ ಮಂಡಿ ಹಾಕ್ಬಹುದಾ ಅಂದ್ರೆ ಈಗ್ಲೇ ಹೇಳಕ್ಕಾಗಲ್ಲ ಅಂತಾರೆ. ಹಾಗೇ ಬಿಟ್ರೆ ಒಳಗೆ ಸವೆದು ಹೋಗ್ತದಂತೆ. ತೀರ್ಮಾನ ನಿಮ್ದೇ ಅಂದ್ಬಿಟ್ರು. ನೀವಾಗಿದ್ರೆ ಎಂತ ಮಾಡ್ತಿದ್ರಿ?"

"ನಂಗೆಂತ ಗೊತ್ತು ಮಾರಾಯ್ತಿ, ನಾನು ಕುಣಿದವಳಲ್ಲ" ಎಂದೆ.

"ಡಾಕ್ಟ್ರೂ ಕುಣಿದವ್ರಲ್ಲ ಬಿಡಿ" ಎಂದು ನಕ್ಕರು.

ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಚಿಪ್ಪು ಮತ್ತೆ ಜಾರಲಿಲ್ಲ. ತಿಂಗಳುಗಳು ಕಳೆದ ಮೇಲೆ ಡಾಕ್ಟರು ನಿಧಾನವಾಗಿ ಮಂಡಿ ಹಾಕಿ ನೋಡಿ ಎಂದರೂ ಅವರು ಹಾಕಲಿಲ್ಲ. ಯಾಕೆಂದು ಕೇಳಲು ನನಗೆ ಸಂಕೋಚ. ಮಾಡಿಸಿಕೊಂಡಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತಿಳಿಯದು.

ಒಂದು ಸಂಜೆ ಹುಡುಗಿಯರು ಮಂಡಿ ಹಾಕುತ್ತಿದ್ದಾಗ ತಾಳ ತಟ್ಟನೆ ನಿಂತಿತು. ಕುರ್ಚಿಯಲ್ಲಿ ಕೂತು ತಾಳ ಹಾಕುತ್ತಿದ್ದ ಟೀಚರು, ಚಿಪ್ಪು ಜಾರದಿದ್ದರೂ, ಎರಡೂ ಕೈಯಲ್ಲಿ ತಮ್ಮ ಬಲಮಂಡಿಯನ್ನು ಒತ್ತಿ ಹಿಡಿದಿದ್ದರು.

ತಿರುಗುತ್ತಲೇ ಒಬ್ಬಳು ಕೂಗಿದಳು, "ಟೀಚರ್, ತಾಳ ಬಿಡ್ಬೇಡಿ!"