ಯಾವ ‘ಬಿಡು’

ನನ್ನ ಹೆಸರು ಅಭಯ್. ಇಟ್ಟವರಿಗೆ ಮುಂದೆ ನಾನು ಹೇಗಾಗುತ್ತೇನೆಂದು ಗೊತ್ತಿರಲಿಲ್ಲ. ಸ್ಯಾನ್ ಡಿಯೇಗೊದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಅಂದರೆ ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆಂದು ಹುಡುಕಿ, ಅವರಿಗೇ ತಿಳಿಸಿ, ಬೈಸಿಕೊಳ್ಳುವುದು. 2022ರಲ್ಲಿ ಅದೇ ಊರಿನ ಮೀರಾ ಮೆಸಾ ಬಡಾವಣೆಯ ಉಮಾಶಂಕರ ಅಂಕಲ್ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಕೇಳಲು ಹೋದಾಗ ಅವರು ಎರಡೇ ಪ್ರಶ್ನೆ ಕೇಳಿದರು: ಈರುಳ್ಳಿ ತಿನ್ನುತ್ತೀಯಾ, ಈಜು ಬರುತ್ತಾ. ಎರಡಕ್ಕೂ ಹೌದೆಂದೆ. ಒಂದು ನಿಜ.

ಈಜು ಯಾಕೆ ಬೇಕಿತ್ತೆಂದು ಮರುವಾರ ತಿಳಿಯಿತು. ಮೈಸೂರಿನ ಅಂಕಲ್ ಟೆಲಿಕಾಂ ಕಂಪನಿಯಲ್ಲಿ ದುಡಿದು ರಿಟೈರ್ ಆದವರು. ಅವರ ಕಾರು ಬಿಸಿಲಲ್ಲಿ ನಿಂತಿರುತ್ತಿತ್ತು, ಗರಾಜಿನ ನೆರಳಲ್ಲಿ ಒಂದು ಹಳೆಯ ಜೆಟ್ ಸ್ಕೀ, ನೀರಿನ ಮೇಲೆ ಓಡುವ ಬೈಕು, ಮಲಗಿರುತ್ತಿತ್ತು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ, ಕಾರ್ಬ್ಯುರೇಟರ್ ಇರುವ, ತೊಂಬತ್ತರ ದಶಕದ್ದು. ಅದನ್ನು ಟ್ಯೂನ್ ಮಾಡಲು ಇಬ್ಬರು ಬೇಕು. ಒಬ್ಬರು ನೀರಿನ ಮೇಲೆ ಓಡಿಸಬೇಕು, ಇನ್ನೊಬ್ಬರು ದಡದಲ್ಲಿ ನಿಂತು ಸದ್ದು ಕೇಳಬೇಕು. ಕೇಳುವವರು ಯಾವಾಗಲೂ ಅಂಕಲ್. ಓಡಿಸುತ್ತಿದ್ದವರು ಅವರ ಹೆಂಡತಿ ರಾಜಲಕ್ಷ್ಮಿ ಆಂಟಿ. 2021ರ ಜನವರಿಯಲ್ಲಿ, ಕೋವಿಡ್‌ನಿಂದ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದಾಗ ಆಂಟಿ ಹೋದರು. ಅಂಕಲ್‌ರನ್ನು ಒಳಗೆ ಬಿಡಲಿಲ್ಲವಂತೆ. ಟ್ಯಾಬ್ಲೆಟ್ಟಿನ ಪರದೆಯಲ್ಲಿ ಮುಖ ತೋರಿಸಿದರಂತೆ. ಇದಿಷ್ಟನ್ನು ಅವರು ಸ್ಪ್ಯಾನರ್ ಒರೆಸುತ್ತ ಒಂದೇ ಸಲ ಹೇಳಿದರು, ಮತ್ತೆಂದೂ ಎತ್ತಲಿಲ್ಲ.

ಹಾಗಾಗಿ ಶನಿವಾರಗಳಲ್ಲಿ ಮಿಷನ್ ಬೇ ಎಂಬ ಕೊಲ್ಲಿಯ ನೀರಿಗೆ ನಾನು. ಮೈಮೇಲೆ ಆಂಟಿಯ ಲೈಫ್ ಜಾಕೆಟ್. ಅವರು ಸಣ್ಣ ಆಳು, ನಾನು ದಿನಾ ಮಧ್ಯಾಹ್ನ ಬಿಸಿಬೇಳೆಬಾತ್ ತಿಂದು ಕುರ್ಚಿಯಲ್ಲಿ ಬೆಳೆದವನು. ಬಕಲ್ ಹಾಕಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮುಳುಗಿ ಸಾಯುವ ಭಯದಲ್ಲಿದ್ದವನಿಗೆ ಉಸಿರುಕಟ್ಟಿ ಸಾಯುವ ಅನುಕೂಲವೂ ಒದಗಿತ್ತು.

ಎಲ್ಲ ತೊಂದರೆ ಶುರುವಾದದ್ದು ಒಂದು ಫ್ಲೇಮ್ ಅರೆಸ್ಟರ್‌ನಿಂದ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೆ ಕೂರಿಸುವ ಲೋಹದ ಜಾಲರಿ ಅದು. ಎಂಜಿನ್ನು ಹಿಂದಕ್ಕೆ ಬೆಂಕಿ ಉಗಿದರೆ ಅಲ್ಲೇ ತಡೆದು, ಒಳಗೆ ತುಂಬಿರುವ ಪೆಟ್ರೋಲ್ ಆವಿಗೆ ತಾಗದಂತೆ ನೋಡಿಕೊಳ್ಳುತ್ತದೆ. ಕಂಪನಿ ಕೊಟ್ಟದ್ದು ಕಪ್ಪಗೆ, ಮುಚ್ಚಿಕೊಂಡು, ಸಪ್ಪಗಿತ್ತು. ಅಂಕಲ್‌ಗೆ ಅರವತ್ತು ತುಂಬಿದಾಗ ಆಂಟಿ ಬೇರೆಯದು ತಂದರು. ಮಗಳು ಸುರಭಿ ಆಗ ಲಾಸ್ ಏಂಜಲೀಸ್ ಕಡೆ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದಳು. ಅವಳನ್ನು ನೋಡಿಬರುತ್ತೇನೆಂದು ಒಬ್ಬರೇ ಡ್ರೈವ್ ಮಾಡಿಕೊಂಡು ಹೋದ ಆಂಟಿ, ಅಲ್ಲಿ ಯಾರದೋ ಗರಾಜಿನಿಂದ ಬೆಳ್ಳಿಯ ಹಾಗೆ ಹೊಳೆಯುವ ಜಾಲರಿ ಕೊಂಡು ತಂದು, “ತಗೊಳ್ಳಿ, ಇದೇ ನಿಮ್ಮ ಅರವತ್ತರ ಶಾಂತಿ” ಎಂದು ಮಡಿಲಿಗೆ ಹಾಕಿದರಂತೆ. ಅದನ್ನು ಹಾಕಿದ ಮೇಲೆ ಎಂಜಿನ್ನಿನ ಗದ್ದಲ ಇಮ್ಮಡಿಯಾಯಿತು. ಮನೆಯಲ್ಲಿ ಶಾಂತಿ ಎಂದರೆ ಇದೇ ಎಂದು ಬಹಳ ದಿನ ತಮಾಷೆ ನಡೆಯಿತಂತೆ.

ಆ ಜಾಲರಿ ಧಾರಾಳಿ. ಗಾಳಿಯನ್ನು ಹೆಚ್ಚು ಬಿಡುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲಿನ ಪಾಲು ಕಡಿಮೆ, ಅದರ ಜೊತೆ ಆಯಿಲ್ಲೂ ಕಡಿಮೆ, ಒಳಗೆ ಪಿಸ್ಟನ್ ಒಣಗಿ, ಕಾದು, ಒಂದು ಕ್ಷಣ ಸಿಲಿಂಡರಿಗೆ ಕಚ್ಚಿಕೊಂಡರೆ ಕಥೆ ಮುಗಿಯಿತು. ಕಚ್ಚಿಕೊಳ್ಳುವ ಸ್ವಲ್ಪ ಮೊದಲು ಎಂಜಿನ್ನು ಎಂದೂ ಓಡದಷ್ಟು ಚೆನ್ನಾಗಿ ಓಡುತ್ತದೆ ಎಂದು ಅಂಕಲ್ ಎಚ್ಚರಿಸಿದ್ದರು. ಅದಕ್ಕೇ ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ಸಡಿಲಿಸಿ ಪೆಟ್ರೋಲ್ ಹೆಚ್ಚಿಸಬೇಕು, ಓಡಿಸಬೇಕು, ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಬೇಕು. ಹದವಾಗಿ ಹುರಿದ ರವೆಯ ಬಣ್ಣವಿದ್ದರೆ ಸರಿ. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚಾಯಿತೆಂದು, ಬೆಳ್ಳಗಿದ್ದರೆ ಅಪಾಯ.

ಹಳೆಯದನ್ನೇ ಹಾಕಿಬಿಡಿ ಎಂದು ಎಲ್ಲರೂ ಹೇಳಿದ್ದರು. ಸುರಭಿಯಂತೂ ಪ್ರತಿ ಭಾನುವಾರ ಸ್ಪೀಕರಿನಲ್ಲಿ, “ಡ್ಯಾಡ್, ಜಸ್ಟ್ ಪುಟ್ ದ ಓಲ್ಡ್ ಒನ್ ಬ್ಯಾಕ್” ಎನ್ನುತ್ತಿದ್ದಳು. ಹಳೆಯದು ಶೆಲ್ಫಿನ ಮೇಲೇ ಇತ್ತು, ನಾಲ್ಕು ಬೋಲ್ಟಿನ ಕೆಲಸ. ಅಂಕಲ್ ಮುಟ್ಟಲಿಲ್ಲ. ಆಂಟಿ ತಂದ ಜಾಲರಿ ಇಟ್ಟುಕೊಂಡೇ ಈ ಎಂಜಿನ್ನು ಉಳಿಯಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

ನನ್ನ ತಕರಾರು ಎಂಜಿನ್ನಿನ ಮೇಲಿರಲಿಲ್ಲ, ಅಂಕಲ್ ಬಳಸುತ್ತಿದ್ದ ಒಂದು ಮಾತಿನ ಮೇಲಿತ್ತು. ಸ್ಕ್ರೂ ಸಡಿಲಿಸಬೇಕಾದರೆ “ಬಿಡು” ಅನ್ನುತ್ತಿದ್ದರು. ಗಾಡಿ ಹೊರಡಿಸಬೇಕಾದರೂ “ಬಿಡು”. ಸಾಕು, ಇವತ್ತಿಗೆ ನಿಲ್ಲಿಸು ಎನ್ನಬೇಕಾದರೂ “ಬಿಡು”. ಮೊದಲ ತಿಂಗಳೇ ನಾನು ಇದನ್ನು ದೋಷವೆಂದು ದಾಖಲಿಸಿ, ಪರಿಹಾರ ಕೇಳಿದೆ. ಕೊನೆಗೆ ಒಪ್ಪಂದವಾಯಿತು: ನಿಲ್ಲಿಸಬೇಕಾದರೆ ಅವರು ಕೈ ಎತ್ತಬೇಕು.

“ಅವಳಿಗೂ ಹಾಗೇ ಕೈ ಎತ್ತುತ್ತಿದ್ದೆ” ಎಂದರು.

“ಆಂಟಿ ನಿಲ್ಲಿಸ್ತಿದ್ರಾ?”

“ನಿಲ್ಲಿಸಿ, ದಡಕ್ಕೆ ಬಂದು ಜಗಳ ಆಡ್ತಿದ್ಲು.”

ಎರಡು ಬೇಸಿಗೆ ಹೀಗೆ ಕಳೆದವು. ಪ್ಲಗ್ಗಿನ ತುದಿ ಒಂದು ವಾರ ಕಪ್ಪು, ಒಂದು ವಾರ ಬಿಳಿ. ನಡುವೆ ಒಮ್ಮೆ ರವೆಯ ಬಣ್ಣ ಬಂದಾಗ ಅಂಕಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಸ್ಕ್ರೂಗಳನ್ನು ಅಲ್ಲಿಗೇ ನಿಲ್ಲಿಸಿದರು. ಆದರೆ ಅದು ಸೆಪ್ಟೆಂಬರಿನ ಸೆಖೆಯ ದಿನ.

ಮುಂದಿನ ಸಲ ನೀರಿಗಿಳಿದದ್ದು ನವೆಂಬರಿನಲ್ಲಿ. ಕಡಲ ಮಂಜು ಇನ್ನೂ ಕರಗಿರಲಿಲ್ಲ. ಚಳಿಗೆ ಗಾಳಿ ದಟ್ಟವಾಗಿರುತ್ತದೆ, ಅದೇ ಜಾಲರಿಯಿಂದ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ. ಇದು ನನಗೇ ಗೊತ್ತಿತ್ತೆಂದ ಮೇಲೆ ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಒಂದು ಸುತ್ತು ಹೋಗಿ ತಿರುಗುವಾಗಲೇ ಸದ್ದು ಬೇರೆಯಾಯಿತು. ತೆಳ್ಳಗಾಗಿ, ಹರಿತವಾಗಿ, ಎಲ್ಲಿಯೂ ತಡವರಿಸದೆ ಏರಿತು. ನನ್ನಂಥವನ ಕೈಯಲ್ಲೂ ಅದು ಸಂತೋಷದಿಂದ ಓಡುತ್ತಿದೆ ಎನಿಸಿ ಹೆದರಿಕೆಯಾಯಿತು. ಥ್ರಾಟಲ್ ಇಳಿಸಿ ದಡದ ಹತ್ತಿರ ಬಂದೆ. ಅಂಕಲ್ ಮೊಣಕಾಲುದ್ದ ನೀರಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಅಂಕಲ್, ಸದ್ದು ಯಾಕೋ ಬೇರೆ ಥರ ಇದೆ. ಏನ್ ಮಾಡ್ಲಿ?”

ಅವರು ಕಣ್ಣು ತೆರೆಯಲಿಲ್ಲ.

“ಬಿಡು” ಎಂದರು.

ನಾನು ಕಾದೆ. ಕೈ ಏಳಲಿಲ್ಲ. ಸ್ಕ್ರೂಡ್ರೈವರನ್ನು ನನ್ನತ್ತ ಚಾಚಲಿಲ್ಲ; ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ನಾನು ಗಾಡಿ ಬಿಟ್ಟೆ.

ಆ ಓಟವನ್ನು ನಾನು ವರ್ಣಿಸಲಾರೆ. ವರ್ಣಿಸಲು ಕಣ್ಣು ತೆರೆದಿರಬೇಕಿತ್ತು. ಸದ್ದು ಮಾತ್ರ ಕೇಳಿದೆ. ಇಡೀ ಕೊಲ್ಲಿಯಲ್ಲಿ ಬೇರೆ ಸದ್ದಿಲ್ಲವೇನೋ ಎಂಬಂತೆ ಅದು ಮೇಲೆ, ಇನ್ನೂ ಮೇಲೆ ಹೋಯಿತು. ಆಮೇಲೆ ಕೆಳಗಿನಿಂದ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ನಾನು ಹ್ಯಾಂಡಲ್ಲಿಗೆ ಮೂಗು ಜಜ್ಜಿಕೊಂಡೆ. ಸ್ಟಾರ್ಟ್ ಬಟನ್ ಒತ್ತಿದರೆ ಟಿಕ್ ಎಂದಿತಷ್ಟೇ. ಕೊನೆಗೆ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಹಗ್ಗ ಕಟ್ಟಿ ಎಳೆದು ತಂದ. ದಾರಿಯುದ್ದಕ್ಕೂ ಅವನು ನನಗೆ ಧೈರ್ಯ ಹೇಳುತ್ತಿದ್ದ.

ಮನೆಗೆ ಬಂದು ಅಂಕಲ್ ಎಂಜಿನ್ನಿನ ಮೇಲ್ಭಾಗ ಬಿಚ್ಚಿದರು. ಪಿಸ್ಟನ್ನಿನ ಮೇಲೆ, ಸಿಲಿಂಡರಿನ ಗೋಡೆಯ ಮೇಲೆ ಉಗುರಿನಿಂದ ಗೀರಿದ ಹಾಗೆ ಉದ್ದುದ್ದ ಗೆರೆಗಳು. ಅವುಗಳ ಮೇಲೆ ಬೆರಳಾಡಿಸಿದರು.

ನನಗೆ ತಡೆಯಲಾಗಲಿಲ್ಲ. “ಅಂಕಲ್, ನೀವು ಹೇಳಿದ್ದು ಯಾವ ಬಿಡು?”

ಅವರು ಜಾಲರಿಯ ಬೋಲ್ಟು ಬಿಚ್ಚತೊಡಗಿದರು. ಎರಡು ಬಿಚ್ಚಿ ಪಕ್ಕಕ್ಕಿಟ್ಟು ಹೇಳಿದರು.

“ಅವಳು ಓಡಿಸೋವಾಗ್ಲೂ ಈ ಸದ್ದು ಬರ್ತಿತ್ತು ಕಣಪ್ಪ. ಹಿಂಗೇ, ತೆಳ್ಳಗೆ. ಬಂದ ತಕ್ಷಣ ಕೈ ಎತ್ತಿಬಿಡ್ತಿದ್ದೆ. ಎಂಜಿನ್ ಹೋಗತ್ತಲ್ಲ ಅಂತ. ದಡಕ್ಕೆ ಬಂದು ಬೈಯೋಳು, ಒಂದೇ ಒಂದ್ಸಲ ಪೂರ್ತಿ ಬಿಡೋಕೆ ಬಿಡ್ರೀ, ಆಮೇಲೆ ಏನಾದ್ರೂ ಆಗ್ಲಿ ಅಂತ.”

“ನೀವು?”

“ಬಿಡ್ಲಿಲ್ಲ.”

ಮಿಕ್ಕ ಬೋಲ್ಟುಗಳನ್ನೂ ಬಿಚ್ಚಿದರು. ಜಾಲರಿಯನ್ನು ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ಸೋಪು ಹಾಕಿ ತೊಳೆದು, ನೀರು ಝಾಡಿಸಿ, ತಟ್ಟೆಲೋಟಗಳ ಪಕ್ಕ ಒಣಗಲು ಬೋರಲು ಹಾಕಿದರು. ಭಾನುವಾರ ಸುರಭಿ ಫೋನ್ ಮಾಡಿದಾಗ ಎಂಜಿನ್ ಹೋಯಿತೆಂದರು. ಅವಳು ಇಂಗ್ಲಿಷಿನಲ್ಲಿ ಬಹಳ ಸಮಾಧಾನ ಹೇಳಿದಳು. ಅವರು ಹೂಂ ಹೂಂ ಎಂದು ಕೇಳಿಸಿಕೊಂಡು, ಯಾರಾದರೂ ಕೇಳಿದರೆ ಆ ಗಾಡಿ ಕೊಟ್ಟುಬಿಡು ಎಂದು ಅವಳಿಗೇ ಹೇಳಿದರು.

ಈಗ ಗರಾಜಿನಲ್ಲಿ ಕಾರು ನಿಲ್ಲುತ್ತದೆ. ಶನಿವಾರ ಬೆಳಿಗ್ಗೆ ನನಗೆ ಅಭ್ಯಾಸಬಲದಿಂದ ಬೇಗ ಎಚ್ಚರವಾಗುತ್ತದೆ. ಹಾಲ್‌ನಲ್ಲಿ ಅಂಕಲ್‌ಗೂ ಎಚ್ಚರವಾಗಿರುವುದು ಕೇಳಿಸುತ್ತದೆ. ಇಬ್ಬರೂ ಹೊರಗೆ ಬರುವುದಿಲ್ಲ. ಲೈಫ್ ಜಾಕೆಟ್ಟನ್ನು ಅವರು ವಾಪಸು ಕೇಳಿಲ್ಲ. ನನ್ನ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದೇನೆ, ಕಂಕುಳ ಹತ್ತಿರ ನನ್ನಿಂದಾಗಿ ಸ್ವಲ್ಪ ಹೊಲಿಗೆ ಬಿಟ್ಟಿದೆ.